ಮಾರಮ್ಮನ ಬಯಲು: ಗೌರಸಮುದ್ರದ ತುಮಲಿನ ಪೂರ್ವೋತ್ತರ

ಚಿತ್ರದುರ್ಗ ಸೀಮೆಯ ಚರಿತ್ರೆಯನ್ನು ಬರೆಯಹೊರಟವರ ದೃಷ್ಟಿ ಮೊಟ್ಟಮೊದಲು ಏಳು ಸುತ್ತಿನ ಕೋಟೆಯ ಮೇಲೆ ನೆಡುವುದು ಸ್ವಾಭಾವಿಕವೇ ಸರಿ. 1568ರಲ್ಲಿ ಮತ್ತಿ ತಿಮ್ಮಣ್ಣನಾಯಕನಿಂದ ಮೊದಲ್ಗೊಂಡು, 1779ರಲ್ಲಿ ದುರ್ಗವು ಹೈದರಾಲಿಯ ವಶವಾದ ದುರ್ದಿನದವರೆಗೆ, ಆ ಕಲ್ಲಿನ ಸುತ್ತುಗಳೊಳಗೆ ನಡೆದ ಶೌರ್ಯವೂ ಒಳಸಂಚೂ ತ್ಯಾಗವೂ ನಮ್ಮ ಕಾದಂಬರಿಕಾರರಿಗೆ ಅಕ್ಷಯವಾದ ಭಂಡಾರವಾಗಿ ಒದಗಿದವು. ತಳುಕಿನ ಮನೆತನದಲ್ಲಿ ಹುಟ್ಟಿದ ತ.ರಾ.ಸು. ಅವರು ಆ ಕಥೆಯನ್ನು ‘ದುರ್ಗಾಸ್ತಮಾನ’ದಲ್ಲಿ ಕಟ್ಟಿಕೊಟ್ಟ ಮೇಲಂತೂ, ದುರ್ಗವೆಂದರೆ ಗೋಡೆ, ಬುರುಜು, ಬಾಗಿಲು, ಕಿಂಡಿ ಎಂಬ ಚಿತ್ರವು ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದಂತೆ ನಿಂತುಬಿಟ್ಟಿತು. ಕೋಟೆಯ ಚರಿತ್ರೆಯೆಂಬುದು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬುದರ ಚರಿತ್ರೆ. ಆದರೆ ಅದೇ ಸೀಮೆಯಲ್ಲಿ, ಅದೇ ತಳುಕಿನ ನೆರೆಯಲ್ಲಿ, ಗೋಡೆಯೂ ಬಾಗಿಲೂ ಇಲ್ಲದ ಮತ್ತೊಂದು ಸ್ಥಳವಿದೆ. ಅಲ್ಲಿಗೆ ಬಂದವರನ್ನು ಎಣಿಸಿದರೆ ಕೋಟೆಯೊಳಗೆ ಬಾಳಿದವರ ಸಂಖ್ಯೆ ಅಲ್ಪವೆನಿಸೀತು. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಹೊರಗಣ ತುಮಲೆಂಬ ಬಯಲೇ ಆ ಸ್ಥಳ.

ಭಾದ್ರಪದ ಮಾಸದ ಮೊದಲ ಮಂಗಳವಾರ ಗೌರಸಮುದ್ರದ ಮಾರಮ್ಮನು ಊರೊಳಗಿನ ಗುಡಿಯಿಂದ ಹೊರಟು, ಉರುಮೆ ತಮಟೆಗಳ ಘೋಷದೊಡನೆ ಈ ಬಯಲಿಗೆ ಬಿಜಯಂಗೈಯುತ್ತಾಳೆ. ಊರಿನ ದೇವತೆ ಊರನ್ನು ಬಿಟ್ಟು ಬಯಲಿಗೆ ಬರುವುದೇ ಇಲ್ಲಿಯ ಪರಿಷೆಯ ಮರ್ಮ. ನಾಲ್ಕು ಬೀದಿಗಳ ನಡುವೆ ರಥವನ್ನೆಳೆಯುವ ಊರುಗಳಲ್ಲಿ ಬೀದಿಯ ಇಕ್ಕೆಲದ ಮನೆಗಳವರು ತಮ್ಮ ಜಗುಲಿಯಲ್ಲಿಯೇ ನಿಂತು ದೇವರನ್ನು ಕಾಣುವರು, ಮನೆಯಿಲ್ಲದ ಪರಸ್ಥಳದವರು ಸಂದಿಗೊಂದಿಯಲ್ಲಿ ಇಣುಕಬೇಕು. ಬಯಲಿನಲ್ಲಿಯಾದರೋ ಜಗುಲಿಯೆಂಬುದೇ ಇಲ್ಲ, ಎಲ್ಲರೂ ಪರಸ್ಥಳದವರೇ. ಹರಕೆ ಹೊತ್ತವರು ಬೇವಿನ ಸೊಪ್ಪನ್ನು ಮೈಗೆ ಕಟ್ಟಿಕೊಂಡು ಬರುತ್ತಾರೆ. ಒಕ್ಕಲು ಮಕ್ಕಳು ಆ ವರ್ಷದ ಹೊಲದ ಈರುಳ್ಳಿಯನ್ನು ತಂದು ತಾಯಿಗೆ ಅರ್ಪಿಸುತ್ತಾರೆ. ಕರ್ನಾಟಕದ ಅತ್ಯಂತ ಒಣ ಸೀಮೆಗಳಲ್ಲೊಂದಾದ ಚಳ್ಳಕೆರೆಗೆ ಮಳೆ ಸಾಮಾನ್ಯವಾಗಿ ಚೆನ್ನಾಗಿ ಸುರಿಯುವುದು ಈ ತಿಂಗಳ ಆಸುಪಾಸಿನಲ್ಲಿಯೇ ಆದುದರಿಂದ, ಶೇಂಗಾ ಹೊಲಗಳು ಹಸುರಾಗಿ, ಈರುಳ್ಳಿ ಕೀಳುವ ಕಾಲವಾಗಿ, ವರ್ಷದ ಆಸೆಯೂ ಆತಂಕವೂ ಒಂದೇ ವಾರದಲ್ಲಿ ಕೂಡಿಕೊಳ್ಳುವ ಸಮಯವದು. ಮಳೆಯಾದರೆ ಕೃತಜ್ಞತೆಗೆ, ಮಳೆಯಾಗದಿದ್ದರೆ ಮೊರೆಗೆ ಜನ ಇಲ್ಲಿ ಸೇರುತ್ತಾರೆ. ಎರಡರಲ್ಲಿ ಯಾವುದಾದರೂ ಗಾಡಿ ಕಟ್ಟುವುದು ತಪ್ಪದು.

ದೇವಿಯನ್ನು ಊರಿನ ಹೊರಗೆ ಆರಾಧಿಸುವ ಪದ್ಧತಿ ಗೌರಸಮುದ್ರಕ್ಕೆ ಮಾತ್ರ ಮೀಸಲಾದುದಲ್ಲ. ಮಾರಿಯು ದಕ್ಷಿಣದೇಶದ ಹಳ್ಳಿಗಳಲ್ಲಿ ಸಿಡುಬು, ಕಾಲರಾ, ಪ್ಲೇಗುಗಳ ಅಧಿದೇವತೆ. ಮೈಮೇಲೆ ಗುಳ್ಳೆಯೆದ್ದರೆ ‘ಅಮ್ಮ ಬಂದಿದ್ದಾಳೆ’ ಎಂದು ಕೈಮುಗಿದವರು ನಮ್ಮ ಅಜ್ಜಿಯರು. ವ್ಯಾಧಿಯು ಜನಸಂದಣಿಯಲ್ಲಿ ಹಬ್ಬುವುದೆಂಬ ಅರಿವು ವೈದ್ಯಶಾಸ್ತ್ರದ ಪರಿಭಾಷೆಯಲ್ಲಿ ಅವರಿಗೆ ಇರದಿದ್ದರೂ, ಊರನ್ನು ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕುವ ಕ್ರಮವು ಅವರಿಗೆ ತಿಳಿದಿತ್ತು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಹರಡಿದಾಗ, ಸರಕಾರದ ಆಜ್ಞೆಯಿಂದಲೂ ಜನರ ಭೀತಿಯಿಂದಲೂ ಊರಿಗೆ ಊರೇ ಬಯಲಿಗೆ ಬಂದು ತಿಂಗಳುಗಟ್ಟಲೆ ನೆಲಸಿದ ಉದಾಹರಣೆಗಳು ಅನೇಕ. ಬಯಲು ಹೀಗೆ ಭಯದ ಕಾಲದಲ್ಲಿ ಆಶ್ರಯವಾಗಿಯೂ, ಭಕ್ತಿಯ ಕಾಲದಲ್ಲಿ ಆರಾಧನೆಯ ನೆಲೆಯಾಗಿಯೂ ಜನಜೀವನದಲ್ಲಿ ಬೆರೆತಿತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡುದು 1975ರಲ್ಲಿ. 1980ರಲ್ಲಿ ಆ ವ್ಯಾಧಿಯು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ವ್ಯಾಧಿ ಹೋಯಿತು, ತಾಯಿ ಉಳಿದಳು, ಪರಿಷೆಯೂ ಉಳಿಯಿತು. ಕೂಡುವ ಅಗತ್ಯವು ವ್ಯಾಧಿಯ ಭಯಕ್ಕಿಂತ ಆಳವಾದುದೆಂದು ನಾನು ಇದರಿಂದ ಭಾವಿಸುತ್ತೇನೆ.

ಕೂಡುವವರು ಯಾರು? ಮ್ಯಾಸಬೇಡರು, ಕಾಡುಗೊಲ್ಲರು, ದಲಿತರು, ಒಕ್ಕಲಿಗರು, ಲಿಂಗಾಯತರು, ಕುರುಬರು, ನೇಕಾರರು. ಕನ್ನಡದವರು, ತೆಲುಗಿನವರು, ಮನೆಯಲ್ಲಿ ಒಂದನ್ನೂ ಸಂತೆಯಲ್ಲಿ ಇನ್ನೊಂದನ್ನೂ ಆಡುವ ಉಭಯಭಾಷಿಗಳು. ಈ ಭಾಗದ ಗಡಿಗಳ ಕಥೆಯನ್ನು ಸ್ಮರಿಸಿಕೊಂಡರೆ ಈ ಸಮಾಗಮದ ಬೆಲೆ ಇನ್ನೂ ಸ್ಪಷ್ಟವಾದೀತು. ಬ್ರಿಟಿಷರ ಕಾಲದಲ್ಲಿ ಚಳ್ಳಕೆರೆ ಮೊಳಕಾಲ್ಮೂರುಗಳು ಮೈಸೂರು ಮಹಾರಾಜರ ಆಳ್ವಿಕೆಗೆ ಸೇರಿದ್ದರೆ, ಪಕ್ಕದ ರಾಯದುರ್ಗವು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂದಿತು, ರಾಯದುರ್ಗವು ಆಂಧ್ರದಲ್ಲಿ ನಿಂತಿತು. ಮೊಳಕಾಲ್ಮೂರು ತಾಲ್ಲೂಕಿನ ಸೆರಗಿನಲ್ಲಿ ಹೀಗೆ ಒಂದು ರಾಜ್ಯರೇಖೆ ಎಳೆಯಲ್ಪಟ್ಟಿತು. ಭೂಪಟಗಳನ್ನು ಹಿಡಿದು ಆಯೋಗಗಳು ವಾದಿಸಿದ ಆ ವರ್ಷಗಳಲ್ಲಿಯೂ, ಅನಂತರವೂ, ರಾಯದುರ್ಗ ಕಲ್ಯಾಣದುರ್ಗಗಳ ಕಡೆಯ ಒಕ್ಕಲುಗಳು ಮಾರಮ್ಮನ ಹರಕೆಗೆ ಬರುವುದನ್ನು ಬಿಡಲಿಲ್ಲ. ಇಂದಿಗೂ ಆ ದಿನ ತುಮಲಿನಲ್ಲಿ ನಿಂತರೆ, ಬಳೆಗಾರನು ಒಂದು ಕೈಗೆ ಕನ್ನಡದಲ್ಲಿಯೂ ಮರುಕೈಗೆ ತೆಲುಗಿನಲ್ಲಿಯೂ ಬೆಲೆ ಹೇಳುವುದನ್ನು ಕೇಳಬಹುದು.

ಎತ್ತಿನ ಗಾಡಿಗಳ ಕಾಲದಲ್ಲಿ ಪರಿಷೆಗೆ ಹೋಗುವುದೆಂದರೆ ಒಂದು ಹಗಲಿನ ಕೆಲಸವಾಗಿರಲಿಲ್ಲ. ಕಮಾನು ಕಟ್ಟಿದ ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ ಹೊದಿಸಿ, ಹೆಂಗಸರು ಮಕ್ಕಳನ್ನೂ ಅಕ್ಕಿ ಬೇಳೆ ಸೌದೆಗಳನ್ನೂ ತುಂಬಿಕೊಂಡು, ಒಂದು ಊರಿನವರು ಸಾಲಾಗಿ ಹೊರಟು, ಬಯಲನ್ನು ಮುಟ್ಟಿದ ಮೇಲೆ ಗಾಡಿಗಳನ್ನು ಒತ್ತಾಗಿ ಬಿಟ್ಟು, ಮೂಕಿಗಳನ್ನು ಒಳಮುಖಮಾಡಿ, ನಡುವಣ ಜಾಗದಲ್ಲಿ ಒಲೆ ಹೂಡುತ್ತಿದ್ದರು. ಆ ಬಿಡಾರದೊಳಗೆ ಬಾಣಂತಿಯರೂ ವೃದ್ಧರೂ ಮಲಗಲು ಇಂಬಿತ್ತು; ರಾತ್ರಿ ಎಚ್ಚರವಿರಲು ಗಂಡಸರ ಸರದಿಯಿತ್ತು; ದಾರಿ ತಪ್ಪಿದ ಮಗು ತನ್ನೂರಿನ ಹೆಸರು ಹೇಳಿದರೆ ಸಾಕು, ಆ ಊರಿನ ಗಾಡಿಗಳು ಪ್ರತಿ ವರ್ಷವೂ ಇಳಿಯುವ ಮರದಡಿಗೆ ಯಾರಾದರೊಬ್ಬರು ಅದನ್ನು ಮುಟ್ಟಿಸುತ್ತಿದ್ದರು. ಪ್ರತಿಯೊಂದು ಊರಿಗೂ ವಂಶಪಾರಂಪರ್ಯವಾಗಿ ಇಂತಿಂಥ ಎಡೆಯೆಂದು ಇರುವುದು ನಮ್ಮ ಕಡೆಯ ದೊಡ್ಡ ಪರಿಷೆಗಳಲ್ಲೆಲ್ಲ ಕಂಡುಬರುವ ಸಂಪ್ರದಾಯ. ಯಾವ ಎಂಜಿನಿಯರನೂ ಗೆರೆಯೆಳೆಯದ, ಯಾವ ಕಚೇರಿಯೂ ಮುದ್ರೆಯೊತ್ತದ ಈ ವಿನ್ಯಾಸದಲ್ಲಿ ಸುರಕ್ಷತೆಯ ಒಂದು ಶಾಸ್ತ್ರವೇ ಅಡಗಿದೆ. ಪರಿಚಿತರ ಕಣ್ಣಳತೆಯಲ್ಲಿ ಅಪರಿಚಿತರೊಡನೆ ಬೆರೆಯುವ ಅವಕಾಶವನ್ನು ಅದು ಹೆಂಗಸರಿಗೆ ಒದಗಿಸಿತು. ವರ್ಷವೆಲ್ಲ ಹೊಲ, ಬಾವಿ, ಒಲೆಗಳ ನಡುವೆಯೇ ತಿರುಗಿದ ಒಕ್ಕಲಗಿತ್ತಿಗೆ, ತವರಿನ ಕಡೆಯವರನ್ನು ಕಂಡು, ಅಂಗಡಿಸಾಲಿನಲ್ಲಿ ತನ್ನ ಮನಸ್ಸಿಗೆ ಬಂದಂತೆ ನಡೆದಾಡಿ, ರಾತ್ರಿ ಬಯಲಿನಲ್ಲಿ ಕುಳಿತು ಹಾಡುವ ಸ್ವಾತಂತ್ರ್ಯ ದೊರೆಯುತ್ತಿದ್ದುದು ಇಂತಹ ಪರಿಷೆಗಳಲ್ಲಿಯೇ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಸಾವಿರಾರು ಪದಗಳನ್ನು ಕಂಠದಲ್ಲಿಯೇ ಕಾಪಾಡಿ, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜರೆನಿಸಿದರು. ಅಂತಹ ಕಂಠಗಳು ಬೆಳೆದುದು ಹೆಣ್ಣುಮಕ್ಕಳು ಒಟ್ಟುಗೂಡಿ ಹಾಡಲು ಎಡೆಯಿದ್ದ ಈ ಸೀಮೆಯಲ್ಲಿ.

ಇಲ್ಲಿಗೆ ಅನತಿದೂರದ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಬಂಡೆಶಾಸನಗಳನ್ನು ಕಂಡುಹಿಡಿದರಷ್ಟೆ. ಬಯಲ ಬಂಡೆಗಳ ಮೇಲೆ ಕೊರೆಯಿಸಿದ ಆ ಶಾಸನಗಳು, ಪರಾಕ್ರಮದ ಫಲ ಮಹಾತ್ಮರಿಗೆ ಮಾತ್ರ ಲಭ್ಯವಾದುದಲ್ಲ, ಅಲ್ಪರೂ ಪ್ರಯತ್ನದಿಂದ ಸ್ವರ್ಗವನ್ನು ಸಾಧಿಸಬಲ್ಲರು ಎಂಬ ಅಭಿಪ್ರಾಯವನ್ನು ಹೇಳುತ್ತವೆ. ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ, ಒಬ್ಬ ಚಕ್ರವರ್ತಿಯು ಹಿರಿಯರಿಗೂ ಕಿರಿಯರಿಗೂ ಸಮಾನವಾಗಿ ಸಲ್ಲುವ ಮಾತನ್ನು ಈ ಸೀಮೆಯ ಬಯಲಿನಲ್ಲಿ ನಿಲ್ಲಿಸಿದನೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಶಾಸನ ಹೇಳಿದಷ್ಟನ್ನೂ ಸಮಾಜವು ಪಾಲಿಸಿತೆಂದು ಬರೆದರೆ ಅದು ಚರಿತ್ರೆಯಾಗದು.

ಮಾರಿಯ ಜಾತ್ರೆಗಳ ಒಳಗೆ ಎರಡು ಎಳೆಗಳು ಹೆಣೆದುಕೊಂಡಿವೆ. ದಲಿತರಿಲ್ಲದೆ ಮಾರಿಜಾತ್ರೆಯೇ ಇಲ್ಲ. ತಮಟೆ ಅವರದು, ದೇವಿಯ ಚರಿತ್ರೆಯನ್ನು ಹಾಡುವ ಆಸಾದಿಗಳು ಅವರವರೇ, ಹಿಂದೆ ಬಲಿಯ ಭಾರವೂ ಅವರ ಮೇಲೆಯೇ. ದೇವಿಯೆದುರಿಗೆ ಆಸಾದಿಯು ನಿಂದಾಸ್ತುತಿಗೈದರೆ ಊರಿನ ಹಿರಿಯರೂ ತಲೆಬಾಗಿ ಕೇಳಬೇಕು. ಜಾತ್ರೆ ಮುಗಿದ ಮರುದಿನ ಅದೇ ಆಸಾದಿಗೆ ಊರಬಾವಿಯ ಕಟ್ಟೆಯನ್ನು ಮುಟ್ಟುವ ಹಕ್ಕಿರಲಿಲ್ಲ. ಬಿಷಪ್ ಹೆನ್ರಿ ವೈಟ್‌ಹೆಡ್ ಅವರು 1916ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಗ್ರಾಮದೇವತೆಗಳ ಕುರಿತ ಗ್ರಂಥದಲ್ಲಿ ಸಂಗ್ರಹಿಸಿದ, ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹೇಳುವ ಕಥೆಯೊಂದು ಇದನ್ನು ಭೀಕರವಾಗಿ ಬಿಚ್ಚಿಡುತ್ತದೆ: ಮೇಲ್ಜಾತಿಯ ಕನ್ಯೆಯೊಬ್ಬಳನ್ನು ಅಸ್ಪೃಶ್ಯನೊಬ್ಬನು ತನ್ನ ಜಾತಿಯನ್ನು ಮರೆಮಾಚಿ ಮದುವೆಯಾದನು, ಸತ್ಯ ತಿಳಿದಾಗ ಆಕೆ ಕೋಪದಿಂದ ಉರಿದು ಮಾರಿಯಾದಳು, ಅವನು ಕೋಣನಾಗಿ ಬಲಿಗೆ ಸಂದನು. ಕಥೆಯನ್ನು ಹೇಳಿದವರು ಯಾರು, ಕೇಳಿದವರು ಯಾರು, ಅದರಲ್ಲಿ ಅಪರಾಧಿಯಾದವನು ಯಾರ ಮಗ ಎಂದು ಯೋಚಿಸಿದಾಗ ಮನಸ್ಸು ಕ್ಷೋಭೆಗೊಳ್ಳುತ್ತದೆ. ಪ್ರತಿವರ್ಷವೂ ತಮಟೆ ಬಾರಿಸುತ್ತ, ತಮ್ಮ ಕುಲದ ಪೂರ್ವಜನೇ ಕೋಣನಾದ ಕಥೆಯನ್ನು ತಾವೇ ಹಾಡಬೇಕಾಗಿದ್ದ ಆ ಜನಕ್ಕೆ, ಬಯಲಿನಲ್ಲಿ ಒಂದು ದಿನದ ಪ್ರವೇಶವು ವರ್ಷದ ಉಳಿದ ದಿನಗಳ ಬಹಿಷ್ಕಾರಕ್ಕೆ ಮುಯ್ಯಿಯಾಗಲಾರದು.

ಸಾರ್ವಜನಿಕ ಸ್ಥಳವೆಂಬ ಕಲ್ಪನೆಯು ಭಾರತದಲ್ಲಿ ಹಕ್ಕಿನ ರೂಪವನ್ನು ತಾಳಿದುದು ಬಾವಿ ಕೆರೆಗಳ ದಡದಲ್ಲಿ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರು ಮಹಾಡಿನ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿದರು. ಆ ಬೊಗಸೆಯ ಪ್ರತಿಜ್ಞೆಯು ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡದಲ್ಲಿ ನ್ಯಾಯವಾಗಿ ಹರಳುಗಟ್ಟಿತು. ಅಂಗಡಿ, ಉಪಾಹಾರಗೃಹ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನರು ಕೂಡುವ ಎಡೆ ಎಂದು ಒಂದೊಂದನ್ನೂ ಹೆಸರಿಸಿ, ಜಾತಿ ಮತ ಲಿಂಗಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಆ ಖಂಡವು ವಿಧಿಸಿದೆ. ಸಾರ್ವಜನಿಕ ಸ್ಥಳದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ವಾಕ್ಯವನ್ನು ನಾನು ಯಾವ ನಗರಯೋಜನಾ ಗ್ರಂಥದಲ್ಲಿಯೂ ಕಂಡಿಲ್ಲ. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ಅಳಿಸಿತು; 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಬಾವಿ ರಸ್ತೆಗಳ ಉಪಯೋಗದ ಜೊತೆಗೆ ಧಾರ್ಮಿಕ ಮೆರವಣಿಗೆಯಲ್ಲಿ ಭಾಗವಹಿಸುವುದಕ್ಕೆ ಅಡ್ಡಿಮಾಡುವುದನ್ನೂ ಶಿಕ್ಷಾರ್ಹವೆಂದು ಸಾರಿತು. ಮೆರವಣಿಗೆಯ ಮುಂದೆ ತಮಟೆ ಹಿಡಿದು ನಡೆಯುವುದು ಬಿಟ್ಟಿಯ ಕರ್ತವ್ಯವಾಗಿದ್ದವನಿಗೆ ಮೆರವಣಿಗೆಯೊಳಗೆ ನಡೆಯುವುದು ಹಕ್ಕಾಯಿತು. ಎರಡರ ನಡುವಣ ಅಂತರ ಕೆಲವೇ ಹೆಜ್ಜೆಗಳದಾದರೂ, ಅದನ್ನು ದಾಟಲು ತಲೆಮಾರುಗಳು ಬೇಕಾದವು.

ಕಾಯಿದೆಯು ಬಯಲಿಗೆ ಬೇರೆ ದಾರಿಗಳಿಂದಲೂ ಪ್ರವೇಶಿಸಿತು. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯ ಅನಂತರ ಪರಿಷೆಯ ದಿನ ಕಂದಾಯ ಮತ್ತು ಪೋಲೀಸ್ ಅಧಿಕಾರಿಗಳು ಕಾವಲಿಗೆ ನಿಲ್ಲುವುದು ರೂಢಿಯಾಯಿತು. ಹೆಣ್ಣಿನ ದೇಹವನ್ನು ಕುರಿತ ಪ್ರಶ್ನೆ ಇನ್ನೂ ಗಹನವಾದುದು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆಸೇವೆಯನ್ನು ತಡೆಯಹೋದ ಕಾರ್ಯಕರ್ತೆಯರ ಮೇಲೂ ಪೋಲೀಸರ ಮೇಲೂ ಜನ ತಿರುಗಿಬಿದ್ದು, ಅವರನ್ನೇ ಅವಮಾನಗೊಳಿಸಿದ ಘಟನೆಯು ನಾಡಿನ ಆತ್ಮಸಾಕ್ಷಿಯನ್ನು ಕಲಕಿತು. ಅಲ್ಲಿ ಆ ಸೇವೆ ನಿಷಿದ್ಧವಾಯಿತು. ನಂಬಿ ಬಂದ ಹೆಣ್ಣಿನ ಹರಕೆಯೂ, ನೋಡಲು ಬಂದವರ ಕಣ್ಣೂ ಒಂದೇ ಬಯಲಿನಲ್ಲಿ ಸೇರಿದಾಗ ಭಕ್ತಿಯು ಹೇಗೆ ಹಿಂಸೆಯಾಗಿ ಪರಿಣಮಿಸುವುದೆಂಬುದನ್ನು ಅಂದು ಎಲ್ಲರೂ ಕಂಡರು. ಮಾರಮ್ಮನ ಬೇವಿನುಡುಗೆಯ ಹರಕೆಯು ಇಂದು ಉಟ್ಟ ಬಟ್ಟೆಯ ಮೇಲೆ ಸೊಪ್ಪನ್ನು ಕಟ್ಟಿಕೊಳ್ಳುವ ಕ್ರಮಕ್ಕೆ ತಿರುಗಿರುವುದನ್ನು ನಾನು ಸಂಪ್ರದಾಯದ ಭಂಗವೆಂದು ಎಣಿಸುವುದಿಲ್ಲ. ತನ್ನ ಮಕ್ಕಳ ಮಾನವನ್ನು ಕಾಯುವ ತಾಯಿಗೆ ಅದು ಒಪ್ಪುವ ಸೇವೆಯೇ ಆಗಿದೆ.

ಬಯಲು ಒಂದು ಕಡೆ ತೆರೆದುಕೊಂಡಂತೆ ಹಟ್ಟಿಯು ಇನ್ನೊಂದು ಕಡೆ ಮುಚ್ಚಿಕೊಂಡುದನ್ನೂ ಹೇಳಬೇಕು. ಮುಳ್ಳುಬೇಲಿಯ ನಡುವೆ ದನಕುರಿಗಳನ್ನೂ ದೇವರನ್ನೂ ಕಾಪಾಡಿಕೊಂಡು ಬಂದ ಕಾಡುಗೊಲ್ಲರ ಹಟ್ಟಿಗಳಲ್ಲಿ, ಮುಟ್ಟಾದ ಹೆಂಗಸರೂ ಹಸಿಬಾಣಂತಿಯರೂ ಬೇಲಿಯ ಹೊರಗೆ ಗುಡಿಸಲಿನಲ್ಲಿ ಇರಬೇಕೆಂಬ ಕಟ್ಟಳೆ ಬಹುಕಾಲದ್ದು. ಮಳೆಗಾಳಿಗೆ ಆ ಗುಡಿಸಲಿನಲ್ಲಿ ಮಲಗಿದ ಎಳೆಗೂಸುಗಳಿಗೆ ಒದಗಿದ ಕೇಡು ಬರಿಯ ಹಳೆಯ ಮಾತಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗಣ ಗುಡಿಸಲಿನಲ್ಲಿ ಒಂದು ಹಸುಳೆ ತೀರಿಕೊಂಡಿತು. ಸರಕಾರವು ಹಲವು ಹಟ್ಟಿಗಳ ಬಳಿ ಕೃಷ್ಣಕುಟೀರವೆಂಬ ಕಟ್ಟಡಗಳನ್ನು ಕಟ್ಟಿಸಿತು. ಬಿಸಿಲು ಮಳೆಗಳಿಂದ ಅವು ರಕ್ಷಣೆ ಕೊಟ್ಟಿರಬಹುದಾದರೂ, ಹೊರಗಿರಿಸುವ ಕಟ್ಟಳೆಗೆ ಗಾರೆ ಇಟ್ಟಿಗೆಗಳ ಸ್ಥಿರತೆಯನ್ನು ಕೊಟ್ಟವೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆಯೆಂದು ನನ್ನ ಭಾವನೆ. 2019ರ ಸೆಪ್ಟೆಂಬರಿನಲ್ಲಿ ಅಂದಿನ ಚಿತ್ರದುರ್ಗ ಲೋಕಸಭಾ ಸದಸ್ಯರಾದ ಎ. ನಾರಾಯಣಸ್ವಾಮಿಯವರನ್ನು, ಅವರು ದಲಿತರೆಂಬ ಕಾರಣದಿಂದ, ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಪ್ರವೇಶದಲ್ಲಿಯೇ ತಡೆದರು. ಆ ಜನರ ಕುಂದುಕೊರತೆಯನ್ನು ವಿಚಾರಿಸಲು ಹೋಗಿದ್ದ, ಅವರೇ ಮತವಿತ್ತು ಕಳುಹಿಸಿದ ಪ್ರತಿನಿಧಿ ಬೇಲಿಯ ಆಚೆಗೆ ಕುರ್ಚಿಯ ಮೇಲೆ ಕುಳಿತುದನ್ನು ನಾಡೆಲ್ಲ ನೋಡಿತು. ಕೆಲವೇ ದಿನಗಳಲ್ಲಿ ಹಟ್ಟಿಯವರೇ ಅವರನ್ನು ಬರಮಾಡಿಕೊಂಡರೆಂಬುದನ್ನೂ ಚರಿತ್ರೆಯು ದಾಖಲಿಸಬೇಕು. ಬೇಲಿಯನ್ನು ಕಟ್ಟಿದ ಕೈಗಳೇ ಅದನ್ನು ಸರಿಸಬಲ್ಲವು. ಅದೇ ಹಟ್ಟಿಗಳ ಬಂಧುಬಳಗ ಪರಿಷೆಯ ಬಯಲಿನಲ್ಲಿ ದಲಿತರ ತಮಟೆಗೆ ಹೆಜ್ಜೆಹಾಕುವವರು.

ಇತ್ತೀಚಿನ ವರ್ಷಗಳಲ್ಲಿ ಸುರಕ್ಷಿತವೂ ಸರ್ವರನ್ನೂ ಒಳಗೊಳ್ಳುವಂಥದೂ ಆದ ಸಾರ್ವಜನಿಕ ಸ್ಥಳಗಳೆಂಬುದು ಜಾಗತಿಕ ಚಿಂತನೆಯ ವಿಷಯವಾಗಿದೆ. 2015ರಲ್ಲಿ ವಿಶ್ವಸಂಸ್ಥೆಯು ಸಾರಿದ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ 11.7ನೆಯದು, ಹೆಂಗಸರು, ಮಕ್ಕಳು, ವೃದ್ಧರು, ಅಂಗವಿಕಲರು ಇವರನ್ನು ವಿಶೇಷವಾಗಿ ಹೆಸರಿಸಿ, 2030ರೊಳಗೆ ಅಂತಹ ಸ್ಥಳಗಳು ಎಲ್ಲರಿಗೂ ದೊರೆಯಬೇಕೆಂದು ಹೇಳುತ್ತದೆ. ವೃತ್ತಿಯ ಹೊಸ್ತಿಲಲ್ಲಿರುವ ವಾಸ್ತುಶಿಲ್ಪಿಗಳಿಗೂ ನಗರಯೋಜಕರಿಗೂ ಸಮಾಜಕಾರ್ಯದ ತರುಣರಿಗೂ ಇಂತಹ ಸ್ಥಳಗಳ ಅಧ್ಯಯನಕ್ಕಾಗಿ ಫೆಲೋಶಿಪ್ಪುಗಳು ದೊರೆಯುತ್ತಿರುವುದು ಬಹಳ ಸಂತೋಷದ ಸಂಗತಿ. ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಅವರು ಆರಂಭಿಸಿದ ‘ಬ್ಲಾಂಕ್ ನಾಯ್ಸ್’ ಎಂಬ ಚಳವಳಿಯು ಬೀದಿಯಲ್ಲಿ, ಉದ್ಯಾನದಲ್ಲಿ ಹೆಣ್ಣು ನಿರ್ಭಯವಾಗಿ ನಿಲ್ಲುವ, ಮಲಗುವ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಈ ವಿದ್ಯೆಯ ಉದಾಹರಣೆಗಳು ಪ್ರಾಯಶಃ ಮಹಾನಗರಗಳ ಬೀದಿ ಉದ್ಯಾನಗಳಿಂದಲೇ ಬರುತ್ತಿರುವುದು ನನಗೆ ಕೊರತೆಯಾಗಿ ತೋರುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಿಗೆ ಹನ್ನೊಂದು ಜೀವಗಳು ಬಲಿಯಾದವು. ಜನಸಾಗರವನ್ನು ಕಿರಿದಾದ ಬಾಗಿಲಿನೊಳಗೆ ತೂರಿಸುವುದು ಎಂತಹ ಅಪಾಯವೆಂಬುದನ್ನು ಆ ತರುಣ ಜೀವಗಳ ಬೆಲೆ ತೆತ್ತು ರಾಜಧಾನಿ ಕಲಿಯಬೇಕಾಯಿತು. ನಾಲ್ಕು ದಿಕ್ಕಿನಿಂದಲೂ ಬಂದು ನಾಲ್ಕು ದಿಕ್ಕಿಗೂ ಚದುರಬಹುದಾದ ತುಮಲಿನ ಭೂಗೋಳವನ್ನು ಆ ದೃಷ್ಟಿಯಿಂದ ಅಳೆದು ನೋಡುವ ಯೋಗ್ಯತೆ ತರಬೇತಿ ಪಡೆದ ಕಣ್ಣಿಗಿದೆ.

ಅಳೆಯಬೇಕಾದುದು ಬೆಟ್ಟದಷ್ಟಿದೆ. ಗಾಡಿಗಳ ಬಿಡಾರ ಹೋಗಿ ಟ್ರ್ಯಾಕ್ಟರು, ಟೆಂಪೊ, ಬಸ್ಸುಗಳು ಬಂದ ಮೇಲೆ, ರಾತ್ರಿ ತಂಗುತ್ತಿದ್ದ ಜನ ಅಂದೇ ಹಿಂದಿರುಗತೊಡಗಿ, ಎರಡು ಮೂರು ದಿನಗಳಲ್ಲಿ ಹರಡಿಕೊಂಡಿದ್ದ ಸಂದಣಿ ಕೆಲವೇ ತಾಸುಗಳಲ್ಲಿ ಬಯಲಿನ ಮೇಲೆ ಬೀಳುತ್ತದೆ. ಗಾಡಿ ಸಾಲು ಕೊಡುತ್ತಿದ್ದ ಮರೆ ಹೋದಮೇಲೆ ಹೆಂಗಸರಿಗೆ ಶೌಚದ ತೊಂದರೆ ಮೊದಲಿಗಿಂತ ಹೆಚ್ಚು. ಕುಡಿಯುವ ನೀರು ಎಲ್ಲಿ ಇಡಬೇಕು, ದೀಪ ಎಲ್ಲಿ ನಿಲ್ಲಿಸಬೇಕು, ಊರುಗೋಲಿನ ಅಜ್ಜನೂ ಗಾಲಿಕುರ್ಚಿಯ ಮಗುವೂ ಕಲ್ಲು ಮುಳ್ಳುಗಳ ನಡುವೆ ದೇವಿಯ ಬಳಿಗೆ ಹೇಗೆ ಸಾಗಬೇಕು, ಕನ್ನಡ ಓದಲಾಗದ ತೆಲುಗು ತಾಯಿಗೆ ಫಲಕ ಯಾವ ಲಿಪಿಯಲ್ಲಿರಬೇಕು: ಇವುಗಳಿಗೆ ಉತ್ತರವನ್ನು ಪಂಚಾಯತಿಯೊಂದೇ ಹುಡುಕುವುದು ದುಸ್ಸಾಧ್ಯ. ತರುಣರು ಬರಲಿ, ಬಂದವರು ಮೊದಲು ವಿಚಾರಿಸಬೇಕಾದುದು ತಮಟೆಯವರನ್ನೂ, ಬಳೆಯ ಮಲಾರ ಹೊತ್ತು ಪ್ರತಿವರ್ಷ ಬರುವವರನ್ನೂ, ಹರಕೆಯ ಅಜ್ಜಿಯರನ್ನೂ.

ಇನ್ನೊಂದು ಮಾತು ಅವಶ್ಯವಾಗಿ ಸೇರಬೇಕು. ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲುಗಳೆಂದು ಹೆಸರಾದ ಹುಲ್ಲುಗಾವಲುಗಳಲ್ಲಿ ಸುಮಾರು 10,000 ಎಕರೆಗಳನ್ನು ಈ ಶತಮಾನದ ಮೊದಲ ದಶಕದ ಕೊನೆಯ ವರ್ಷಗಳಿಂದೀಚೆಗೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಪರಮಾಣು ವಿಜ್ಞಾನಗಳ ಸಂಸ್ಥೆಗಳಿಗೂ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೂ ವಹಿಸಲಾಯಿತು. ದೇಶಕ್ಕೆ ವಿಜ್ಞಾನ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾವಲನ್ನು ಸುತ್ತುವರಿದು ಎದ್ದ ಉದ್ದನೆಯ ಗೋಡೆಗಳು ದನಕುರಿಗಳ ಮೇವಿನ ಹಾದಿಯನ್ನು ತಡೆದವು, ಅದೇ ಹಾದಿಯಲ್ಲಿ ಊರಿಂದೂರಿಗೆ ನಡೆಯುತ್ತಿದ್ದವರನ್ನೂ ಬಳಸಿಹೋಗುವಂತೆ ಮಾಡಿದವು. ಕುರಿಗಾರರೂ ಕಂಬಳಿ ನೇಯುವವರೂ ನ್ಯಾಯಪೀಠದ ಮೆಟ್ಟಲೇರಬೇಕಾಯಿತು. ಸಾರ್ವಜನಿಕ ಸ್ಥಳವನ್ನು ಅಧ್ಯಯನ ಮಾಡಬಂದವರು ತುಮಲಿನ ಅಳತೆಯ ಜೊತೆಗೆ, ಅಲ್ಲಿಗೆ ಬರುವ ಹಳೆಯ ಗಾಡಿದಾರಿಗಳನ್ನೂ ಮಂದೆಯ ದಾರಿಗಳನ್ನೂ ಗ್ರಾಮನಕ್ಷೆಯ ಮೇಲೆ ಗುರುತಿಸಿ, ಯಾವುದು ತೆರೆದಿದೆ, ಯಾವುದು ಬೇಲಿಯೊಳಗೆ ಸೇರಿದೆ ಎಂಬುದನ್ನು ಹಟ್ಟಿಯ ಹಿರಿಯರನ್ನು ಕೇಳಿ ಬರೆದಿಟ್ಟರೆ, ಮುಂದಿನ ಭಾದ್ರಪದದೊಳಗಾಗಿ ತಾಲ್ಲೂಕು ಕಚೇರಿಯ ಮುಂದಿರಿಸಲು ಯೋಗ್ಯವಾದ ದಾಖಲೆಯೊಂದು ಸಿದ್ಧವಾದೀತು.